ಬಿಚ್ಚದೆ ಹೋದ ಗಂಟು

೯ ಫೆಬ್ರವರಿ ೨೦೨೫, ಭಾನುವಾರ

ಇವತ್ತು ಸಿದ್ದಾಪುರದ ಬಂಡೆಯ ಮೇಲೆ ಹತ್ತು ಜನ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷದಿಂದ ಚಳ್ಳಕೆರೆ ಸುತ್ತಮುತ್ತ ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮೈಕು ಹಿಡಿದು ಮಾತಾಡುತ್ತಿದ್ದೇನೆ. ಅಲ್ಲಿ ಚಪ್ಪಾಳೆ ಬೀಳುವುದು ವಧೂವರರಿಗೆ, ಅತಿಥಿಗಳಿಗೆ, ಊಟಕ್ಕೆ ಎಲೆ ಹಾಕಿದ್ದಾರೆ ಎಂಬ ಸುದ್ದಿಗೆ. ಮೈಕ್ ಮಾರುತೇಶನಿಗೆ ಅಂತಲೇ ಬಿದ್ದದ್ದು ಇವತ್ತು, ಅದೂ ಮೈಕಿಲ್ಲದೆ.

ಮನೆಗೆ ಬಂದು ಹೆಂಡತಿ ಶಶಿರೇಖಾಗೆ ಹೇಳಿದೆ. "ಆತು, ಸಾರು ಆರ್ತೈತೆ, ಬರ್ರಿ," ಅಂದಳು. ಹಿತ್ತಲ ಗಿಡ ಮದ್ದಲ್ಲ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಹೊರಡುವಾಗ ಗುರುಸ್ವಾಮಿ ಮೇಷ್ಟ್ರು ಒಂದು ಕೆಲಸ ಒಪ್ಪಿಸಿದರು. ಮೊಳಕಾಲ್ಮೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ನಮ್ಮ ಬಂಡೆ ಬಳಗ ಕಟ್ಟಿದವರು. ಬೆಂಗಳೂರಿನಲ್ಲಿ ಇಂಥ ಪಾತ್ರದಾಟ ಆಡುವ ಗುಂಪುಗಳೆಲ್ಲ ಸೇರಿ ಒಂದು ಪುಸ್ತಿಕೆ ತರುತ್ತಾರಂತೆ. ನಿಮ್ಮ ಬಳಗ ಬೇರೆಯವರಿಗಿಂತ ಹೇಗೆ ಭಿನ್ನ ಎಂದು ಒಂದು ಪುಟ ಕೇಳಿದ್ದಾರಂತೆ. "ನಿನ್ ಬಾಯಿ ಚೆನ್ನಾಗೈತೆ, ನೀನೇ ಬರಿಯಲೇ," ಅಂದರು. ಹುಮ್ಮಸ್ಸಿನಲ್ಲಿದ್ದೇನೆ, ಕರಡು ಇಲ್ಲೇ ಹಾಕಿಬಿಡುತ್ತೇನೆ:

‘ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ತಂಡವೊಂದು ಸಿದ್ದಾಪುರದ ಗುಡ್ಡಕ್ಕೆ ಬಂದು, ಸ್ಪಂಜಿನ ಕತ್ತಿ ಹಿಡಿದು, ಎರಡು ದಿನ ರಾಜ್ಯ ಗೆದ್ದು ಸೋತು ಹೋಯಿತು. ಅವರಿಗೆ ಶಾಮಿಯಾನ ಹಾಕಿದವನು ನಾನು. ನೋಡಲು ಬಂದಿದ್ದ ಗುರುಸ್ವಾಮಿ ಮೇಷ್ಟ್ರು, ಇದನ್ನು ನಾವೂ ಆಡಬಹುದಲ್ಲ ಎಂದರು. ಆದರೆ ನಮ್ಮಲ್ಲಿ ರಾಜರಿಲ್ಲ, ಕತ್ತಿಯಿಲ್ಲ, ಮಂತ್ರವಾದಿಗಳಿಲ್ಲ. ಹಾಲಗುಂಡಿ ಎಂಬ ಒಂದು ಇಲ್ಲದ ಊರು ಇದೆ. ಪ್ರತಿ ತಿಂಗಳ ಎರಡನೇ ಭಾನುವಾರ ಆ ಊರಿನಲ್ಲಿ ಒಂದು ಜಗಳ ಹುಟ್ಟುತ್ತದೆ. ಚೀಟಿ ಎತ್ತಿದಾಗ ಯಾವ ಪಾತ್ರ ಬರುತ್ತದೋ ಅದನ್ನು ಬೆಳಗಿನಿಂದ ಮೂರು ಗಂಟೆಯವರೆಗೆ ಬದುಕಬೇಕು. ಬುತ್ತಿ ಬಿಚ್ಚಿ ಉಣ್ಣುವುದೂ ಪಾತ್ರದಲ್ಲೇ.

‘ಪಾತ್ರ ಹಿಡಿಯುವಾಗ ಎಡಗೈಗೆ ಒಂದು ರೇಷ್ಮೆ ಎಳೆ ಕಟ್ಟಿಸಿಕೊಳ್ಳುತ್ತೇವೆ. ಮೊಳಕಾಲ್ಮೂರಿನ ನೇಕಾರರಾದ ನಮ್ಮ ಜ್ಯೋತಿಲಕ್ಷ್ಮಿಯವರು ಮಗ್ಗದಲ್ಲಿ ಉಳಿದ ಎಳೆ ತಂದು ತಾವೇ ಎಲ್ಲರಿಗೂ ಕಟ್ಟುತ್ತಾರೆ. ಆಟ ಮುಗಿದ ಮೇಲೆ ಆ ಗಂಟನ್ನು ನಾವು ಬಿಚ್ಚಿಕೊಳ್ಳುವಂತಿಲ್ಲ, ಕತ್ತರಿಸುವಂತಿಲ್ಲ. ಆಟದಲ್ಲಿ ನಮ್ಮಿಂದ ಯಾರಿಗೆ ಹೆಚ್ಚು ನೋವಾಯಿತೋ ಅವರೇ ಬಿಚ್ಚಬೇಕು. ಅಲ್ಲಿಯವರೆಗೆ ಮುಂದಿನ ಪಾತ್ರವಿಲ್ಲ. ಇನ್ನು ನಿಯಮ ಅಂತ ಇರುವುದು ಒಂದೇ: ಮನೆಯ ಮಾತು ಬಂಡೆಗೆ ತರಬಾರದು, ಬಂಡೆಯ ಸಿಟ್ಟು ಮನೆಗೆ ಒಯ್ಯಬಾರದು. ಈ ನಾಲ್ಕು ವರ್ಷದಲ್ಲಿ ಒಂದು ಗಂಟೂ ಬಿಚ್ಚದೆ ಉಳಿದಿಲ್ಲ.’

ಕೊನೆಯ ವಾಕ್ಯ ಸ್ವಲ್ಪ ಸುಳ್ಳು. ನನ್ನದು ಉಳಿದಿದೆ. ಅದನ್ನು ಬಿಚ್ಚಬೇಕಾದವರು ಜ್ಯೋತಕ್ಕ, ಆಟ ಮುಗಿದದ್ದೇ ತಡ ಚೀಲ ತಗೊಂಡು ಹೊರಟೇಬಿಟ್ಟರು. ಬಸ್ಸಿಗೆ ಹೊತ್ತಾಗಿತ್ತೇನೋ.

೧೧ ಫೆಬ್ರವರಿ, ಮಂಗಳವಾರ

ಬರಹವನ್ನು ಮೇಷ್ಟ್ರಿಗೆ ವಾಟ್ಸಾಪ್ ಮಾಡಿದೆ. ಕೈ ಮುಗಿಯುವ ಚಿತ್ರ ಐದು ಬಂತು. ಜ್ಯೋತಕ್ಕನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಗ್ಗದ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ.

ಅಷ್ಟು ಬೇಜಾರು ಮಾಡಿಕೊಳ್ಳುವಂಥದ್ದು ಏನಾಗಿದೆ ಅಂತ ನೋಡೋಣ. ಭಾನುವಾರದ ಜಗಳ ಇದು: ಹಾಲಗುಂಡಿಯ ಬಾವಿ ಕಾಯುವವಳ ಬಾಗಿಲಲ್ಲಿ ದಾರಿಹೋಕನೊಬ್ಬ ನೀರು ಕೇಳುತ್ತ ಸತ್ತಿದ್ದಾನೆ, ತಪ್ಪು ಅವಳದೋ ಅಲ್ಲವೋ. ಬಾವಿ ಕಾಯುವವಳ ಚೀಟಿ ಜ್ಯೋತಕ್ಕನಿಗೆ, ಸತ್ತವನ ಅಣ್ಣನ ಚೀಟಿ ನನಗೆ. ಮಧ್ಯಾಹ್ನದವರೆಗೆ ಅವರದೇ ಮೇಲುಗೈ. ನಾನು ಎಷ್ಟು ಕೂಗಿದರೂ ಜನ ಅವರ ಕಡೆಗೇ ವಾಲುತ್ತಿದ್ದರು. ಸಿದ್ದಾಪುರದ ಕಾಟಪ್ಪ ಊರ ಗೌಡನ ಪಾತ್ರದಲ್ಲಿ ಎಲೆಯಡಿಕೆ ಮೆಲ್ಲುತ್ತ ತೀರ್ಪು ಹೇಳಲು ಎದ್ದೂ ಆಗಿತ್ತು. ಆಗ ನಾನು ದನಿ ತಗ್ಗಿಸಿ ಹೇಳಿದೆ:

"ನಾಕು ಸಲ ಕರ್ದ ನನ್ ತಮ್ಮ. ನಾಕು ಸಲನೂ ಬಂದೆ ಬಂದೆ ಅಂದೆ. ಕೈಯಾಗಿನ ಕೆಲಸ ಬಿಟ್ಟು ಏಳ್ಲಿಲ್ಲ. ಐದ್ನೇ ಸಲ ಕರೀಲಿಲ್ಲ. ಸದ್ಯ, ಸುಮ್ನಾದ ಅಂತ ನಿಂಗೆ ಸಮಾಧಾನ ಆತು, ಅಲ್ಲೇನೇ? ನೀನೇ ಕೊಂದಿ ಅವನ್ನ."

ಜ್ಯೋತಕ್ಕ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಆಮೇಲೆ ಆಟ ಮುಗಿಯುವವರೆಗೂ ಹೊರಡಲಿಲ್ಲ. ಎಂಥ ಅಭಿನಯ ಅಂದುಕೊಂಡರು ಎಲ್ಲರೂ.

ಆ ಮಾತು ನನಗೆ ಎಲ್ಲಿಂದ ಬಂತು ಅಂತ ಬರೆಯುವ ಅಗತ್ಯವಿಲ್ಲ. ಆಟ ಅಂದಮೇಲೆ ಏನೋ ಒಂದು ಬಾಯಿಗೆ ಬರುತ್ತದೆ.

೧೫ ಫೆಬ್ರವರಿ, ಶನಿವಾರ

ನನ್ನಿವಾಳದಲ್ಲಿ ಮದುವೆ. ಮೈಕು ಹಿಡಿದ ಕೈಯಲ್ಲಿ ಕೆಂಪು ಎಳೆ ನೋಡಿ, ಹುಡುಗಿಯ ಅಜ್ಜಿ ಕ್ಯಾತಮ್ಮ ಹತ್ತಿರ ಬಂದರು. "ಯಾವ ದೇವ್ರದಪ್ಪ ಇದು?" ಅಂದರು. ಬಾಯಿಗೆ ಬಂದದ್ದು "ಗುಡ್ಡದಮ್ಮಂದು" ಅಂತ. ಆ ಮುದುಕಿ ನನ್ನ ಮಣಿಕಟ್ಟು ಹಿಡಿದು, ಎಳೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಮೊಮ್ಮಗಳ ಬಾಳು ತಣ್ಣಗಿರಲಿ ಅಂತ ಬೇಡಿಕೊಂಡರು.

ಸಂಜೆಯ ಆರತಕ್ಷತೆಗೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆ.

೧೯ ಫೆಬ್ರವರಿ, ಬುಧವಾರ

ಬೆಳಿಗ್ಗೆ ಎಣ್ಣೆ ಹಚ್ಚಿಕೊಳ್ಳುವಾಗ ಶಶಿರೇಖಾ ಕತ್ತರಿ ತಂದಳು. "ಮಣ್ಣು, ಜಿಡ್ಡು, ಥೂ. ಕತ್ರಿಸಿ ಒಗೀರಿ ಅತ್ಲಾಗೆ."

"ಕತ್ರಿಸೋ ಹಂಗಿಲ್ಲ ಕಣೇ."

"ಹಂಗಾದ್ರೆ ಆ ಯಮ್ಮನ ಮನಿಗೆ ಹೋಗಿ ಬಿಚ್ಚಿಸ್ಕೊಂಡು ಬರ್ರಿ. ಏನ್ ದೂರ ಐತೆ ಮೊಳಕಾಲ್ಮೂರು?" ನಾನು ಮತ್ತೆ ಎಣ್ಣೆ ಬಟ್ಟಲಿಗೆ ಕೈ ಹಾಕಿದ್ದು ಕಂಡು, ಕತ್ತರಿ ಕೆಳಗಿಟ್ಟು ಕೇಳಿದಳು, "ಏನ್ ಮಾಡಿದ್ರಿ ಆಕೀಗೆ?"

"ಏನೂ ಇಲ್ಲ. ನಾನೇನ್ ಮಾಡ್ಲಿ?" ಅಂತ ರೇಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವನಾದರೂ ಬರೀ ಮುಟ್ಟಿಕೊಂಡ, ನಾನು ಬಾಗಿಲು ದಡಾರನೆ ಹಾಕಿಕೊಂಡು ನನ್ನ ಶಾಮಿಯಾನದ ಅಂಗಡಿಗೆ ಬಂದೆ.

ಸರಿ, ಬರೆಯುತ್ತೇನೆ. ಜನವರಿ ಆಟ ಮುಗಿಸಿ ರಾಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಜ್ಯೋತಕ್ಕ ಪಕ್ಕದಲ್ಲಿ ಕೂತಿದ್ದರು. ತಾವಾಗಿಯೇ ಹೇಳಿದರು. ಮೂರು ವರ್ಷದ ಹಿಂದೆ ಅವರ ಮಾವ ಹಾಸಿಗೆ ಹಿಡಿದಿದ್ದರಂತೆ. ಒಂದು ದಿನ ಇವರು ಮಗ್ಗದ ಗುಂಡಿಯಲ್ಲಿ ಕೂತು ಸೀರೆಯ ಮೈಗೆ ಸೆರಗು ಸೇರಿಸುತ್ತಿದ್ದರಂತೆ. ಎಳೆ ಎಳೆ ಕೂಡಿಸುವ ಕೆಲಸ, ನಡುವೆ ಎದ್ದರೆ ಬಿಗಿ ತಪ್ಪುತ್ತದೆ. ಒಳಗಿನಿಂದ ಮಾವ ಕರೆದರು. ನಾಲ್ಕು ಸಲ ಕರೆದರು. ನಾಲ್ಕು ಸಲವೂ ಇವರು ಮನೆಯ ತೆಲುಗಿನಲ್ಲಿ ‘ವಸ್ತುನ್ನಾ ಮಾಮಾ’ ಅಂದರು, ಬಂದೆ ಬಂದೆ ಅಂತ. ಐದನೇ ಸಲ ದನಿ ಬರದಿದ್ದಾಗ ಅಬ್ಬ, ಮಲಗಿದರು ಅಂತ ಸಮಾಧಾನವಾಯಿತಂತೆ. ಸೆರಗು ಮುಗಿಸಿ ಎದ್ದು ಹೋಗಿ ನೋಡಿದರೆ ಜೀವ ಇರಲಿಲ್ಲ. ಗಂಡನಿಗೂ ಹೇಳಿಲ್ಲ ಅಂದರು. ನನಗೊಬ್ಬನಿಗೇ ಹೇಳಿದ್ದು.

"ನಿಮ್ ತಪ್ಪಿಲ್ಲ ಬಿಡಿ ಅಕ್ಕ," ಅಂದೆ ನಾನು. ಮೊಳಕಾಲ್ಮೂರಿಗೆ ತಿರುಗುವ ಹಾನಗಲ್ ಕ್ರಾಸಿನಲ್ಲಿ ಇಳಿಯುವಾಗ ಅವರು ತಿರುಗಿ ನನ್ನನ್ನು ನೋಡಿ ನಕ್ಕಿದ್ದರು.

ಆ ಮಾತನ್ನೇ, ಅದೇ ಲೆಕ್ಕದಲ್ಲಿ, ಅದೇ ಐದನೇ ಸಲದ ಸಮಾಧಾನದ ಸಮೇತ, ಹತ್ತು ಜನರ ಮುಂದೆ ಅವರ ಮುಖಕ್ಕೆ ಎಸೆದೆ. ಗೆಲ್ಲುವುದಕ್ಕೆ. ನಾಚಿಕೆಯಾಗುತ್ತದೆ. ಇಲ್ಲಿ ಬರೆದರೂ ನಾಚಿಕೆ ಹೋಗುತ್ತಿಲ್ಲ.

೨೭ ಫೆಬ್ರವರಿ, ಗುರುವಾರ

ಶಿವರಾತ್ರಿಯ ಕಾರ್ಯಕ್ರಮ ಮುಗಿಸಿ ಮಲಗಿದ್ದವನನ್ನು ಮೇಷ್ಟ್ರ ಫೋನು ಎಬ್ಬಿಸಿತು. ಬೆಂಗಳೂರಿನವರಿಗೆ ನನ್ನ ಬರಹ ಬಹಳ ಹಿಡಿಸಿದೆಯಂತೆ. ಗಂಟಿನ ಪದ್ಧತಿಯನ್ನು ತಾವೂ ಶುರು ಮಾಡುತ್ತಾರಂತೆ. "ಬ್ಯಾರೆಯೋರ ಹತ್ರ ಕತ್ತಿ ಐತೆ, ವೇಷ ಐತೆ, ನಂಬಿಕೆ ಇರೋದು ನಿಮ್ಮಲ್ಲೇ ಅಂದ್ರು ಕಣಲೇ," ಅಂತ ಮೇಷ್ಟ್ರು ಖುಷಿಯಲ್ಲಿ ಓದಿ ಹೇಳಿದರು.

ಎಲ್ಲರಿಗೂ ನಿಜ ಹೇಳಿಬಿಡೋಣ ಅಂದುಕೊಂಡೆ. ಏನಂತ ಹೇಳಲಿ? ನಾನು ಮಾಡಿದ್ದನ್ನು ಹೇಳಿದರೆ ಅವರ ಮಾವನ ಕತೆಯನ್ನೂ ಹೇಳಿದ ಹಾಗೆ. ಇಲ್ಲಿಯವರೆಗೆ ಅದು ಬಾವಿ ಕಾಯುವವಳ ಕತೆ ಅಂತ ಜನ ನಂಬಿದ್ದಾರೆ. ನಾನು ಬಾಯಿ ಬಿಟ್ಟರೆ ಅದು ಜ್ಯೋತಕ್ಕನ ಕತೆಯಾಗುತ್ತದೆ.

ಇದು ನಿಜವಾದ ಕಾರಣ. ಇದರ ಹಿಂದೆ ಅಡಗಿಕೊಳ್ಳುವುದಕ್ಕೂ ಚೆನ್ನಾಗಿದೆ.

೯ ಮಾರ್ಚ್, ಭಾನುವಾರ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಜ್ಯೋತಕ್ಕ ಇವತ್ತು ಆಟಕ್ಕೆ ಬರಲಿಲ್ಲ. ಎಳೆ ತರುವವರೇ ಇಲ್ಲ. ಕಾಟಪ್ಪ ತನ್ನ ಕುರಿಯ ಉಣ್ಣೆ ಹೊಸೆದು ಕಟ್ಟಲು ನೋಡಿದ, ಅರ್ಧ ಜನಕ್ಕೆ ಕೈ ಕೆರೆತ ಶುರುವಾಯಿತು. ನಗು ಬರಬೇಕಾದ ವಿಷಯ. ಯಾರೂ ನಗಲಿಲ್ಲ.

"ಆ ಯಮ್ಮಂದು ಅತಿ ಆತು," ಅಂದ ಕಾಟಪ್ಪ. "ಆಟದಾಗೆ ಸೋತದ್ದಕ್ಕೆ ಮುನ್ಸು ಮಾಡ್ಕಂಡ್ರೆ ಹೆಂಗೆ? ಪಾಪ, ಈ ಮೈಕು ಒಂದು ತಿಂಗ್ಳಿಂದ ಕಟ್ಕಂಡು ತಿರುಗ್ತಾನೆ."

ದೀಪಿಕಾ, ರಾಂಪುರದ ನರ್ಸು, ಮೆತ್ತಗಿನ ಹುಡುಗಿ. ಅವಳೂ "ಬಂಡೆ ಸಿಟ್ಟು ಮನೆಗೆ ಒಯ್ಯಬಾರ್ದು ಅಂತ ನಿಯಮ ಐತಲ್ವಾ ಸರ್," ಅಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದವರು ಜ್ಯೋತಿಲಕ್ಷ್ಮಿ ಅಂತ ತೀರ್ಮಾನವಾಯಿತು. ಬಳಗದಿಂದ ಅವರ ಹೆಸರು ತೆಗೆಯಬೇಕು, ಹಿರಿಯರಾಗಿ ಮೇಷ್ಟ್ರೇ ನನ್ನ ಗಂಟು ಬಿಚ್ಚಬೇಕು. ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ, ಅಷ್ಟೇ. ಬೇಡ ಅಂತಲೂ ಅನ್ನಲಿಲ್ಲ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು, "ಕೊಡಲೇ ಮಾರುತಿ ಕೈನ," ಅಂದರು.

ಕೊಟ್ಟೆ.

ಅವರಿಗೆ ಎಪ್ಪತ್ತು ದಾಟಿದೆ, ಬೆರಳು ನಡುಗುತ್ತವೆ. ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಹತ್ತು ಸಲ ಕೈ ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಬಿಚ್ಚಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಕೈ ಮುಗಿದೆನಲ್ಲ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

೧೦ ಮಾರ್ಚ್, ಸೋಮವಾರ

ಕೈ ಖಾಲಿಯಾಗಿದೆ. ಶಶಿರೇಖಾ ನೋಡಿದಳು. ಎಣ್ಣೆ ಬಟ್ಟಲು ಮುಂದಿಟ್ಟು ಒಳಗೆ ಹೋದಳು.

೧೬ ಮಾರ್ಚ್, ಭಾನುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಜ್ಯೋತಕ್ಕನ ಬೀದಿಯ ತುದಿಯವರೆಗೆ ನಡೆದು, ಒಳಗಿನ ಮಗ್ಗಗಳ ಸದ್ದು ಕೇಳಿ, ತಿರುಗಿ ಮೇಷ್ಟ್ರ ಮನೆಗೆ ಹೋದೆ. ಅಲ್ಲಿ ಹೇಳುವುದು ಸುಲಭ ಅನ್ನಿಸಿತು. ಸುಲಭವೇನೂ ಇರಲಿಲ್ಲ.

ಮೇಷ್ಟ್ರು ಜಗುಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಬಾರಲೇ, ತಗೋ," ಅಂದರು. ನಾನು ನಿಂತೇ ಹೇಳಿದೆ.

"ಮೇಷ್ಟ್ರೇ, ನಿಯಮ ಮುರಿದಿದ್ದು ಜ್ಯೋತಕ್ಕ ಅಲ್ಲ. ನಾನು. ಮನೆ ಮಾತು ಬಂಡೆಗೆ ತಂದೆ."

"ಯಾರ ಮನೆ ಮಾತು?"

"ಅವ್ರದು. ನನ್ನ ನಂಬಿ ಹೇಳಿದ್ರು."

"ಯಾವ ಮಾತು?"

"ಅದನ್ನ ಹೇಳೋ ಹಂಗಿಲ್ಲ."

ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹೋದ್ ವಾರ ನಾನು ನಿನ್ ಕೈ ಹಿಡ್ಕಂಡಾಗ ಯಾಕ್ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ಲ ಮೇಷ್ಟ್ರೇ."

"ನಿಂಗಾ?" ಅಂದರು.

ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡು, "ಆಕೆ ಬಿಚ್ಚಬೇಕಾದ್ದನ್ನ ನಾನು ಬಿಚ್ಚಿದೆ. ಆಕೆ ಹೆಸರನ್ನೂ ನಾನೇ ಹೊಡೆದು ಹಾಕ್ದೆ. ನನ್ನೂ ಸೇರಿಸ್ಕೊಂಡುಬಿಟ್ಟೆಯಲ್ಲೋ," ಅಂದರು. ಸಿಟ್ಟಿನಿಂದಲ್ಲ, ಸುಮ್ಮನೆ ಲೆಕ್ಕ ಒಪ್ಪಿಸುವವರ ಹಾಗೆ.

ಬೆಂಗಳೂರಿನವರಿಗೆ ಫೋನ್ ಮಾಡಿ ಬರಹದ ಕೊನೆಯ ಸಾಲು ತೆಗೆಸೋಣ ಅಂದೆ.

"ಒಂದು ಸಾಲು ತೆಗೆಸಿದ್ರೆ ಆಯ್ತೇನು? ಪೂರ್ತಿ ವಾಪಸ್ ತಗೋತೀನಿ. ನಮ್ಮ ಬಳಗ ಯಾರಿಗಿಂತ್ಲೂ ಬ್ಯಾರೆ ಇಲ್ಲ ಅಂತೀನಿ." ಅಲ್ಲಿಯೇ ಕೂತು ಎಲ್ಲರಿಗೂ ಒಂದು ಸಂದೇಶ ಕಳಿಸಿದರು: ತಪ್ಪು ಮಾರುತೇಶನದು, ಏನೆಂದು ಯಾರೂ ಕೇಳಬಾರದು, ಜ್ಯೋತಿಲಕ್ಷ್ಮಿಯವರ ಹೆಸರು ಇದ್ದಲ್ಲೇ ಇರುತ್ತದೆ. ಕಳಿಸುವ ಮೊದಲು ನನಗೆ ತೋರಿಸಿದರು. ಸರಿ ಅಂದೆ.

ಬಸ್ಸಿನಲ್ಲಿ ಕೂತಾಗ ಕಾಟಪ್ಪನ ಫೋನ್ ಬಂತು. "ಲೇ ಮೈಕು, ನಾನು ಆ ಯಮ್ಮನ್ನ ಬೈಯುವಾಗ ಪಕ್ಕದಾಗೇ ಕುಂತಿದ್ದೆಯಲ್ಲಲೇ," ಅಂದ. ಹೌದು ಅಂದೆ. ಇಟ್ಟುಬಿಟ್ಟ.

೨೦ ಮಾರ್ಚ್, ಗುರುವಾರ

ಹೋದೆ. ಇವತ್ತು ಬೀದಿಯ ತುದಿಯಲ್ಲಿ ನಿಲ್ಲಲಿಲ್ಲ.

ಅವರ ಗಂಡ ಚೌಡೇಶ್ ನೇಯ್ದ ಸೀರೆ ಕೊಟ್ಟುಬರಲು ಹೋಗಿದ್ದರು. ಜ್ಯೋತಕ್ಕ ಒಬ್ಬರೇ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದರು. ನನ್ನ ನೆರಳು ಬಿದ್ದರೂ ಲಾಳಿ ನಿಲ್ಲಿಸಲಿಲ್ಲ. "ಕುಂತ್ಕಳ್ರಿ ಮಾರುತಣ್ಣ," ಅಂದರು. ನೆಲದ ಮೇಲೆ ಕೂತೆ. ಗುಂಡಿಯಲ್ಲಿರುವವರಿಗೂ ನೆಲದ ಮೇಲಿರುವವರಿಗೂ ಮುಖ ಸರಿಸಮಕ್ಕೆ ಬರುತ್ತದೆ, ತಪ್ಪಿಸಿಕೊಳ್ಳಲು ಜಾಗವಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ತಪ್ಪಾಯ್ತು ಅಂತ ಮಾತ್ರ ಅಂದೆ.

"ಮೇಷ್ಟ್ರು ಬಂದಿದ್ರು," ಅಂದರು. "ನೀವು ಏನೂ ಹೇಳ್ಲಿಲ್ಲ ಅಂತ ಅಂದ್ರು. ಅಷ್ಟು ಉಳಿಸಿದ್ರಿ." ಲಾಳಿ ಎರಡು ಸಲ ಆ ಕಡೆ ಈ ಕಡೆ ಓಡಿತು. "ನಿಮ್ಮನ್ನ ಒಂದು ಕೇಳ್ಬೇಕಿತ್ತು. ಬಸ್ಸಿನಾಗೆ ನಿಮ್ ತಪ್ಪಿಲ್ಲ ಅಕ್ಕ ಅಂದ್ರಿ. ಬಂಡೆ ಮ್ಯಾಲೆ ನೀನೇ ಕೊಂದಿ ಅಂದ್ರಿ. ಎರಡರಾಗೆ ಯಾವ್ದು ಆಟ?"

ಬಂಡೆಯದೇ ಆಟ ಅಕ್ಕ, ಅದರಲ್ಲೇನು ಕೇಳುವುದು, ಎಂದುಬಿಡಬಹುದಿತ್ತು. ಅವರೂ ಅದನ್ನೇ ಕೇಳಬಯಸಿದ್ದರೋ ಏನೋ. ಆ ಮಾತು ನಾಲಗೆಯ ತುದಿಗೆ ಬಂದಿತ್ತು, ಒಳ್ಳೆಯ ದನಿಯ ಸಮೇತ. ಆ ದನಿ ನನಗೇ ಕೇಳಿಸಿ ಹೇಸಿಗೆಯಾಯಿತು.

"ಎರಡೂ ಆಟನೇ ಅಕ್ಕ. ಬಸ್ಸಿನಾಗೆ ನನ್ ಗ್ಯಾನ ಮಾರನೇ ದಿನದ ಶಾಲೆ ಕಾರ್ಯಕ್ರಮದ ಮ್ಯಾಲಿತ್ತು. ಅರ್ಧ ಕೇಳಿಸ್ಕಂಡೆ. ಏನಾದ್ರೂ ಅನ್ಬೇಕಲ್ಲ ಅಂತ ಅಂದೆ. ಬಂಡೆ ಮ್ಯಾಲೆ ಗೆಲ್ಬೇಕಿತ್ತು, ಅದ್ಕೆ ಅಂದೆ. ಎರಡು ಸಲನೂ ನಿಮ್ ಬಗ್ಗೆ ಯೋಚ್ನೆ ಮಾಡ್ಲಿಲ್ಲ."

ಆಗ ಲಾಳಿ ನಿಂತಿತು.

"ಬಸ್ಸಿನಾಗೆ ನೀವು ಅಂದ ಆ ಮಾತು ಇಟ್ಕಂಡು ನಾನು ಒಂದು ತಿಂಗ್ಳು ನಿದ್ದೆ ಮಾಡಿದೀನಿ, ಮಾರುತಣ್ಣ," ಅಂದರು. "ಮೂರು ವರ್ಷ ಆದ್ಮ್ಯಾಲೆ."

ಬಂಡೆಯ ಮೇಲೆ ಮಾಡಿದ್ದೇ ದೊಡ್ಡ ತಪ್ಪು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಕೈ ಮಡಿಲಲ್ಲಿಟ್ಟುಕೊಂಡರು.

"ಈಗ ಹೇಳ್ರಿ. ನಂದು ತಪ್ಪಾ?"

"ಪೂರ್ತಿ ಗೊತ್ತಿಲ್ಲ ಅಕ್ಕ. ಮೊದ್ಲಿಂದ ಹೇಳ್ರಿ."

ಹೇಳಿದರು. ಬಸ್ಸಿನಲ್ಲಿ ಹತ್ತು ನಿಮಿಷದಲ್ಲಿ ಮುಗಿದಿದ್ದ ಕತೆ ಇವತ್ತು ಒಂದು ಗಂಟೆ ಹಿಡಿಯಿತು. ಮಾವನಿಗೆ ಏನು ಇಷ್ಟ, ಮಗ್ಗದ ಕೆಲಸ ಇವರಿಗೆ ಯಾರು ಕಲಿಸಿದರು, ಆ ಸೀರೆ ಯಾರ ಮದುವೆಗೆ, ಅವತ್ತು ಬೆಳಿಗ್ಗೆ ಇಬ್ಬರ ನಡುವೆ ಏನಾಗಿತ್ತು, ಎಲ್ಲ. ನಡುವೆ ನಾನು ಬಾಯಿ ಹಾಕಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಫೆಬ್ರವರಿ ಹತ್ತೊಂಬತ್ತನೇ ತಾರೀಖಿನ ಪುಟದಲ್ಲಿ ಬರೆದಿರುವುದನ್ನೂ ಬರೆಯಬಾರದಿತ್ತು.

ಮುಗಿಸಿ ನನ್ನ ಕಡೆ ನೋಡಿದರು.

"ಎರಡ್ನೇ ಸಲಕ್ಕಾದ್ರೂ... ಎದ್ದಿದ್ರೆ ಚೆನ್ನಾಗಿತ್ತು ಅಕ್ಕ," ಅಂದೆ. ಮತ್ತೆ ಶುರು ಮಾಡಿದೆ. "ಏಳ್ಬೇಕಿತ್ತು. ಆದ್ರೆ ನೀವು ಕೊಂದಿಲ್ಲ. ಕೊಂದೋರು ಹಿಂಗೆ... ಹಿಂಗೆ ಇರಲ್ಲ." ಇನ್ನೂ ಏನೋ ಹೇಳಬೇಕಿತ್ತು. ಸಿಗಲಿಲ್ಲ. ಅಷ್ಟಕ್ಕೇ ನಿಂತಿತು.

ಜ್ಯೋತಕ್ಕ ನನ್ನನ್ನೇ ನೋಡುತ್ತಿದ್ದರು. "ಇದು ಆಟ ಅಲ್ಲ," ಅಂದರು. "ಆಟ ಆಗಿದ್ರೆ ನೀವು ಚೆನ್ನಾಗಿ ಹೇಳ್ತಿದ್ರಿ."

ಏಪ್ರಿಲ್ ಆಟಕ್ಕೆ ಬರುತ್ತೀರಾ ಅಂತ ನಾನು ಕೇಳಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಮತ್ತೆ ಮಗ್ಗದ ಸದ್ದು ಶುರುವಾಯಿತು, ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.